ಮನೆ ಓನರ್ ಡೆಪಾಸಿಟ್ ಹಿಡ್ಕೊಂಡಿದ್ದಾರೆ, ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಹೋಗ್ಬಹುದಾ? (ಕ್ಯಾಲಿಫೋರ್ನಿಯಾ)

ಮಲ್ಲಿಗೆ_ಸನಿವೇಲ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ಸನಿವೇಲಲ್ಲಿ ಎರಡು ಬೆಡ್‌ರೂಮ್ ಮನೇಲಿ ನಾಲ್ಕು ವರ್ಷ ಬಾಡಿಗೆಗೆ ಇದ್ವಿ, ಓನರ್ ಕಂಪನಿ ಅಲ್ಲ, ಒಬ್ರು ವ್ಯಕ್ತಿ, ಪಕ್ಕದೂರಲ್ಲೇ ಇರ್ತಾರೆ. ಒಂದು ತಿಂಗಳೂ ಬಾಡಿಗೆ ತಡ ಮಾಡಿಲ್ಲ. ಮಗಳ ಸ್ಕೂಲಿಗೆ ಹತ್ರ ಆಗ್ಲಿ ಅಂತ ಈ ಬೇಸಿಗೇಲಿ ಫ್ರೀಮಾಂಟಿಗೆ ಬಂದ್ವಿ. ಡೆಪಾಸಿಟ್ 3,400 ಡಾಲರ್ ಕೊಟ್ಟಿದ್ವಿ. ಖಾಲಿ ಮಾಡೋ ಮುಂಚೆ ನಾನೂ ನಮ್ಮೆಜಮಾನ್ರೂ ಕೂತು ಒಲೆ ಹಿಂದಿನ ಗೋಡೆ ಮೇಲಿದ್ದ ಒಗ್ಗರಣೆ ಜಿಡ್ಡನ್ನೂ ಬಿಡದೆ ಉಜ್ಜಿ, ಫ್ರಿಜ್ ತೊಳ್ದು, ಫೋಟೋ ತೆಗ್ದು ಬಂದಿದ್ದೀವಿ.

ಕೀ ಕೊಟ್ಟು ತಿಂಗಳ ಮೇಲಾಯ್ತು, ಆಮೇಲೆ ಒಂದು ಲೆಟರ್ ಬಂತು. ಕಾರ್ಪೆಟ್ ಬದಲಾಯಿಸೋಕೆ 1,450, ಪೇಂಟಿಂಗಿಗೆ 900, ಕ್ಲೀನಿಂಗಿಗೆ 350, ಉಳಿದ 700 ಮಾತ್ರ ನಮ್ಮ ಅಕೌಂಟಿಗೆ ಹಾಕಿದ್ದಾರೆ. ಒಂದು ರಸೀದಿ ಇಲ್ಲ, ಒಂದು ಫೋಟೋ ಇಲ್ಲ. ಕಾರ್ಪೆಟ್ ನಾವು ಬರೋವಾಗ್ಲೇ ಹಳೇದು, ಮನೆ ತಗೊಂಡಾಗಿಂದ ಅದೇ ಇರೋದು ಅಂತ ಅವರೇ ಬಾಯ್ಬಿಟ್ಟು ಹೇಳಿದ್ರು. ದೇವರ ಸ್ಟ್ಯಾಂಡ್ ಇಟ್ಟಿದ್ದ ಮೂಲೇಲಿ ಅಂಗೈಯಗಲ ಅರಿಶಿನದ ಕಲೆ ಆಗಿರೋದು ನಿಜ, ಅದನ್ನ ಮುಚ್ಚಿಡಲ್ಲ, ಆದ್ರೆ ಅಷ್ಟಕ್ಕೆ ಇಡೀ ಮನೆ ಕಾರ್ಪೆಟ್ ದುಡ್ಡು ನಾವು ಕಟ್ಟಬೇಕಾ? ಫೋನ್ ಮಾಡಿದ್ರೆ ಎತ್ತಲ್ಲ, ಮೆಸೇಜಿಗೆ "ಲೆಟರ್ ನೋಡಿ" ಅಂತಾರೆ ಅಷ್ಟೇ.

ಆಫೀಸಲ್ಲಿ ಒಬ್ರು ಸ್ಮಾಲ್ ಕ್ಲೇಮ್ಸಿಗೆ, ಅಂದ್ರೆ ಸಣ್ಣ ಮೊತ್ತದ ಹಣದ ಜಗಳಗಳ ಕೋರ್ಟಿಗೆ, ಹಾಕಿ ಅಂದ್ರು. ಲಾಯರ್ ಬೇಕಾ? ಎಷ್ಟು ಖರ್ಚಾಗುತ್ತೆ? ನಮ್ಮದು ಇನ್ನೂ ಎಚ್-1ಬಿ ಕೆಲಸದ ವೀಸಾ, ಗ್ರೀನ್ ಕಾರ್ಡ್ ಪ್ರೋಸೆಸ್ ನಡೀತಿದೆ, ಕೋರ್ಟು ಕಚೇರಿ ಅಂದ್ರೆ ಮನೆಯವರಿಗೆ ಭಯ. ಊರಲ್ಲಿ ಮಾವನವರಂತೂ ಹೋದ ದುಡ್ಡು ಹೋಯ್ತು ಬಿಡಮ್ಮ ಅಂತಿದ್ದಾರೆ. ನನಗೆ ಬಿಡೋಕೆ ಮನಸ್ಸಿಲ್ಲ.

ತುಂಗಾತೀರ

ಬಿಡಬೇಡಿ ಮೇಡಂ. ನಾನು ಹಿಂದೆ ಇದ್ದ ಮನೆ ಡೆಪಾಸಿಟ್ಟಿಗೆ ಇದೇ ಕೋರ್ಟಿಗೆ ಹೋಗಿ ತಗೊಂಡಿದ್ದೀನಿ, ಹಾಗಾಗಿ ತಿಳಿದಿದ್ದನ್ನ ಬಿಡಿಸಿ ಹೇಳ್ತೀನಿ.

ಮೊದಲು ಭಯದ ವಿಷಯ. ಇದು ಸಿವಿಲ್ ಕೇಸು, ಕ್ರಿಮಿನಲ್ ಅಲ್ಲ, ಅದರಲ್ಲೂ ಕೇಸ್ ಹಾಕ್ತಿರೋರು ನೀವು. ಇಮಿಗ್ರೇಷನ್ ಫಾರಂಗಳಲ್ಲಿ ಕೇಳೋದು ಅರೆಸ್ಟ್ ಆಗಿದ್ಯಾ, ಅಪರಾಧದ ಕೇಸ್ ಇದ್ಯಾ ಅಂತ, ಓನರ್ ಹತ್ರ ನಿಮ್ಮ ದುಡ್ಡು ನೀವು ಕೇಳಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಎಚ್-1ಬಿ ಇರ್ಲಿ, ಸ್ಟೂಡೆಂಟ್ ವೀಸಾ ಇರ್ಲಿ, ಈ ಕೋರ್ಟಿನ ಬಾಗಿಲು ಎಲ್ಲರಿಗೂ ತೆರೆದಿದೆ. ಈ ಭಯ ನಮ್ಮವರಿಗೆ ಜಾಸ್ತಿ ಅನ್ನೋದು ಕೆಲವು ಓನರುಗಳಿಗೂ ಚೆನ್ನಾಗಿ ಗೊತ್ತು, ನನಗೆ ಸಿಟ್ಟು ಬರೋದೇ ಅದಕ್ಕೆ.

ಲಾಯರ್ ಬೇಕಿಲ್ಲ ಅಂತಲ್ಲ, ಲಾಯರ್ ತರೋ ಹಾಗೇ ಇಲ್ಲ. ಕ್ಯಾಲಿಫೋರ್ನಿಯಾದ ಸ್ಮಾಲ್ ಕ್ಲೇಮ್ಸಲ್ಲಿ ವಿಚಾರಣೆಗೆ ಇಬ್ಬರೂ ತಾವೇ ನಿಂತು ಮಾತಾಡಬೇಕು. ಓನರ್ ಎಷ್ಟೇ ದುಡ್ಡಿರೋರಾದ್ರೂ ವಕೀಲರನ್ನ ಪಕ್ಕ ನಿಲ್ಲಿಸ್ಕೊಳ್ಳೋಕೆ ಆಗಲ್ಲ. ಒಬ್ಬ ವ್ಯಕ್ತಿ 12,500 ಡಾಲರ್ ತನಕ ಕೇಳಬಹುದು, ಕಂಪನಿಗಳಿಗಾದ್ರೆ 6,250. ಫೀಸು ನೀವು ಕೇಳೋ ಮೊತ್ತದ ಮೇಲೆ, 1,500ರ ತನಕ 30 ಡಾಲರ್, 5,000ದ ತನಕ 50, ಅದರ ಮೇಲೆ 75. ಗೆದ್ರೆ ಅದನ್ನೂ ಎದುರು ಪಾರ್ಟಿಯಿಂದಾನೇ ಕೊಡಿಸ್ತಾರೆ.

ಈಗ ನಿಮ್ಮ ಕೇಸಿನ ಜೀವಾಳ ಏನು ಅಂದ್ರೆ 21 ದಿನ. ನೀವು ಮನೆ ಬಿಟ್ಟ 21 ದಿನದೊಳಗೆ ಓನರ್ ಒಂದೋ ಪೂರ್ತಿ ಡೆಪಾಸಿಟ್ ವಾಪಸ್ ಕೊಡಬೇಕು, ಇಲ್ಲಾ ಯಾತಕ್ಕೆ ಎಷ್ಟು ಹಿಡಿದಿದ್ದೀನಿ ಅಂತ ಐಟಂ ಐಟಂ ಬರೆದು ಉಳಿದಿದ್ದು ಕೊಡಬೇಕು. ಸಿವಿಲ್ ಕೋಡ್ 1950.5 ಅಂತ ಸೆಕ್ಷನ್, ಬರ್ಕೊಳ್ಳಿ, ಇನ್ಮೇಲೆ ಪ್ರತಿ ಕಾಗದದಲ್ಲೂ ಅದನ್ನ ಹಾಕಿ. ಕಡಿತ 125 ಡಾಲರ್ ದಾಟಿದ್ರೆ ರಸೀದಿ ಇಲ್ಲಾ ಬಿಲ್ಲಿನ ಕಾಪಿ ಇಡಲೇಬೇಕು, ಕೆಲಸ ಇನ್ನೂ ಮುಗಿದಿಲ್ಲ ಅಂದ್ರೆ ಅಂದಾಜು ಲೆಕ್ಕ ಕೊಟ್ಟು, ಮುಗಿದ 14 ದಿನದೊಳಗೆ ಅಸಲಿ ಬಿಲ್ ಕಳಿಸಬೇಕು. 2025ರ ಏಪ್ರಿಲ್ 1ರಿಂದ ಇನ್ನೊಂದು ಸೇರಿದೆ, ಬಾಡಿಗೆದಾರರು ಬಿಟ್ಟ ಮೇಲೆ ರಿಪೇರಿಗೆ ಮುಂಚೆ ಒಂದ್ಸಲ, ರಿಪೇರಿ ಆದ್ಮೇಲೆ ಒಂದ್ಸಲ ಓನರ್ ಫೋಟೋ ತೆಗೀಬೇಕು, ಕಡಿತ ಮಾಡೋದಾದ್ರೆ ಅದನ್ನೂ ಕಳಿಸಬೇಕು. ನಿಮಗೆ ತಿಂಗಳ ಮೇಲೆ ಲೆಟರ್ ಬಂದಿದೆ, ರಸೀದಿ ಇಲ್ಲ, ಫೋಟೋ ಇಲ್ಲ, ಮೂರೂ ತಪ್ಪಿದ್ದಾರೆ. ಗಡುವು ಮೀರಿದ ಓನರ್ ಡೆಪಾಸಿಟ್ಟಿಂದ ತಾನೇ ಮುರ್ಕೊಳ್ಳೋ ಹಕ್ಕು ಕಳ್ಕೊಳ್ತಾರೆ ಅಂತ 1995ರಲ್ಲೇ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ಡ್ಯಾಮೇಜಿಗೆ ಅವರು ಬೇರೆಯಾಗಿ ಕ್ಲೇಮ್ ಮಾಡೋಕೆ ಅಡ್ಡಿ ಇಲ್ಲ, ಅದು ನೆನಪಿರ್ಲಿ.

ಸೀದಾ ಕೋರ್ಟಿಗೆ ಓಡಬೇಡಿ. ಮೊದಲು ದುಡ್ಡು ಕೇಳಿ ಡಿಮ್ಯಾಂಡ್ ಲೆಟರ್ ಬರೀಬೇಕು, ಕೇಳಿದ್ಯಾ ಅಂತ ಕೋರ್ಟ್ ಫಾರಂನಲ್ಲೇ ಪ್ರಶ್ನೆ ಇದೆ. ಒಂದೇ ಪುಟ ಸಾಕು. ಯಾವತ್ತು ಮನೆಗೆ ಬಂದ್ವಿ, ಯಾವತ್ತು ಕೀ ಕೊಟ್ವಿ, ನಿಮ್ಮ ಲೆಟರ್ ಯಾವ ತಾರೀಕು ಪೋಸ್ಟ್ ಆಗಿದೆ (ಆ ಕವರ್ ಎಸೆದಿಲ್ಲ ತಾನೇ? ಪೋಸ್ಟ್‌ಮಾರ್ಕೇ ನಿಮ್ಮ ಮುಖ್ಯ ಸಾಕ್ಷಿ), 2,700 ಡಾಲರ್ ಇಂಥಾ ತಾರೀಕಿನೊಳಗೆ ಕೊಡಿ, ಇಲ್ಲಾಂದ್ರೆ ಸ್ಮಾಲ್ ಕ್ಲೇಮ್ಸಿಗೆ ಹೋಗ್ತೀವಿ, ಅಲ್ಲಿ ಕಾನೂನು ಪ್ರಕಾರ ಪೆನಾಲ್ಟಿನೂ ಕೇಳ್ತೀವಿ. ಬೈಗುಳ ಬೇಡ, ನಾಲ್ಕು ವರ್ಷ ನಾವು ಹೇಗೆ ಒಳ್ಳೆಯವರಾಗಿದ್ವಿ ಅನ್ನೋ ಕಥೆನೂ ಬೇಡ, ಯಾಕಂದ್ರೆ ಆ ಲೆಟರ್ ಮುಂದೆ ಓದೋದು ಜಡ್ಜು. ಸರ್ಟಿಫೈಡ್ ಮೇಲಲ್ಲಿ ಕಳಿಸಿ, ಕಾಪಿ ಇಟ್ಕೊಳ್ಳಿ. ಎಷ್ಟೋ ಜನಕ್ಕೆ ಈ ಒಂದು ಲೆಟರಿಗೇ ದುಡ್ಡು ಬಂದುಬಿಡುತ್ತೆ.

ಬರ್ಲಿಲ್ಲ ಅಂದ್ರೆ ಎಸ್‌ಸಿ-100 ಫಾರಂ ತುಂಬಿ, ಮನೆ ಇದ್ದ ಕೌಂಟಿ (ನಮ್ಮ ಜಿಲ್ಲೆ ಥರ) ಕೋರ್ಟಲ್ಲಿ, ಅಂದ್ರೆ ನಿಮ್ಮದು ಸಾಂಟಾ ಕ್ಲಾರಾ, ಫೈಲ್ ಮಾಡಿ. ಪ್ರತಿ ಕೌಂಟಿಲೂ ಸ್ಮಾಲ್ ಕ್ಲೇಮ್ಸ್ ಅಡ್ವೈಸರ್ ಅಂತ ಫ್ರೀ ಸರ್ವಿಸ್ ಇದೆ, ನಿಮ್ಮ ಫಾರಂ ನೋಡಿ ಎಲ್ಲಿ ತಪ್ಪಿದೆ ಅಂತ ಹೇಳ್ತಾರೆ, ನಾಚ್ಕೋಬೇಡಿ, ಉಪಯೋಗಿಸ್ಕೊಳ್ಳಿ.

ಎರಡನೇಮನೆ_ಸ್ಯಾನ್‌ರಾಮೋನ್

ನಾನು ಇನ್ನೊಂದು ಕಡೆಯವನು, ಒಂದು ಟೌನ್‌ಹೌಸ್ ಬಾಡಿಗೆಗೆ ಕೊಟ್ಟಿದ್ದೀನಿ. ಆದ್ರೂ ಹೇಳ್ತೀನಿ, ನಿಮ್ಮ ಓನರ್ ಮಾಡಿದ್ದು ಸರಿ ಇಲ್ಲ. ಆದ್ರೆ ಅವರ ಕಡೆಯಿಂದ ಕೋರ್ಟಲ್ಲಿ ಏನು ಮಾತು ಬರುತ್ತೆ ಅಂತ ಮುಂಚೆನೇ ಗೊತ್ತಿದ್ರೆ ಒಳ್ಳೇದು.

ಪೇಂಟು: ನಾಲ್ಕು ವರ್ಷ ಇದ್ದ ಮನೆಗೆ ಬಣ್ಣ ಮಾಸೋದು ಸಹಜ, ಅದು ನಾರ್ಮಲ್ ವೇರ್ ಆಂಡ್ ಟೇರ್, ಓನರ್ ಖರ್ಚು. ಗೋಡೆಗೆ ದೊಡ್ಡ ತೂತು, ಮಕ್ಕಳು ಗೀಚಿದ ಕ್ರೇಯಾನ್ ಅಂಥದ್ದಿದ್ರೆ ಬೇರೆ ಮಾತು. ಕ್ಲೀನಿಂಗು: ನೀವು ಬಂದಾಗ ಮನೆ ಎಷ್ಟು ಕ್ಲೀನ್ ಇತ್ತೋ ಅಷ್ಟಕ್ಕೆ ತರೋ ಖರ್ಚು ಮಾತ್ರ ಹಿಡೀಬಹುದು, ನಿಮ್ಮ ಫೋಟೋ ಇಲ್ಲಿ ಕೆಲಸಕ್ಕೆ ಬರುತ್ತೆ.

ಕಾರ್ಪೆಟ್ ಮಾತ್ರ ಹುಷಾರು. ಅರಿಶಿನದ ಕಲೆ ಡ್ಯಾಮೇಜೇ, ಅದು ಸಹಜ ಸವೆತ ಅಂತ ವಾದಿಸೋಕೆ ಹೋಗ್ಬೇಡಿ, ಜಡ್ಜ್ ಮುಂದೆ ನಿಮ್ಮ ಉಳಿದ ಮಾತಿನ ತೂಕನೂ ಹೋಗುತ್ತೆ. ಕಲೆ ಆಗಿದ್ದು ಹೌದು ಅಂತ ಒಪ್ಕೊಂಡು ವಯಸ್ಸಿನ ಲೆಕ್ಕ ಹೇಳಿ. ಕ್ಯಾಲಿಫೋರ್ನಿಯಾ ಸರ್ಕಾರದ ಬಾಡಿಗೆದಾರರ ಕೈಪಿಡೀಲೇ ಉದಾಹರಣೆ ಇದೆ: ಹತ್ತು ವರ್ಷ ಬಾಳೋ ಕಾರ್ಪೆಟ್ಟಿಗೆ ಎಂಟು ವರ್ಷ ಆಗಿದ್ದು, ಹೊಸದಕ್ಕೆ 1,000 ಡಾಲರ್ ಅಂತಾದ್ರೆ ಓನರ್ ಹಿಡೀಬಹುದಾಗಿದ್ದು ಉಳಿದ ಎರಡು ವರ್ಷದ 200 ಮಾತ್ರ. ನಿಮ್ಮ ಓನರ್ ಮನೆ ಯಾವ ವರ್ಷ ಕೊಂಡ್ರು ಅಂತ ಕೌಂಟಿ ರೆಕಾರ್ಡಲ್ಲಿ ಇರುತ್ತೆ, ಅಥವಾ ಮನೆ ಮಾರೋ ವೆಬ್‌ಸೈಟುಗಳಲ್ಲೇ ಹಳೇ ಸೇಲ್ ಡೇಟ್ ಸಿಗುತ್ತೆ. ಆಗಿಂದ ಇದೇ ಕಾರ್ಪೆಟ್ ಅಂತ ಅವರು ಹೇಳಿದ್ದು ಮೆಸೇಜಲ್ಲಿ ಎಲ್ಲಾದ್ರೂ ಇದ್ಯಾ ಹುಡುಕಿ. ಕೊಂಡು ಹತ್ತು ವರ್ಷ ದಾಟಿದ್ರೆ ಆ 1,450ರಲ್ಲಿ ನಿಮ್ಮ ಪಾಲು ಸೊನ್ನೆ ಅಂತ ವಾದಿಸಬಹುದು.

ಪೆನಾಲ್ಟಿ ಬಗ್ಗೆ ಒಂದು ಮಾತು. ಬೇಕಂತಲೇ ಕೆಟ್ಟ ಉದ್ದೇಶದಿಂದ ಹಿಡ್ಕೊಂಡಿದ್ದಾರೆ ಅಂತ ಜಡ್ಜಿಗೆ ಅನ್ನಿಸಿದ್ರೆ ಡೆಪಾಸಿಟ್ಟಿನ ಎರಡು ಪಟ್ಟಿನ ತನಕ ಹೆಚ್ಚುವರಿ ಕೊಡಿಸಬಹುದು, ನಿಮ್ಮ ಲೆಕ್ಕಕ್ಕೆ 6,800. 2,700 ಸೇರಿ 9,500, ಲಿಮಿಟ್ಟಿನ ಒಳಗೇ ಇದೆ. ಕೇಳಿ, ಆದ್ರೆ ಅದು ಬಂದೇ ಬರುತ್ತೆ ಅಂತ ಲೆಕ್ಕ ಹಾಕ್ಬೇಡಿ, ಎಲ್ಲ ಜಡ್ಜೂ ಕೊಡಲ್ಲ. ಓನರ್ ಮರೆತಿದ್ದು, ಗೊತ್ತಿಲ್ದೇ ಮಾಡಿದ್ದು ಅಂದ್ರೆ ಅಸಲು ಮಾತ್ರ ಕೊಡಿಸಿ ಕಳಿಸ್ತಾರೆ. ನಿಮ್ಮ ಡಿಮ್ಯಾಂಡ್ ಲೆಟರಲ್ಲಿ ಸೆಕ್ಷನ್ ಬರೆದು ತಿಳಿಸಿದ ಮೇಲೂ ಕೊಡಲಿಲ್ಲ ಅಂದ್ರೆ ಗೊತ್ತಿರ್ಲಿಲ್ಲ ಅನ್ನೋ ಮಾತು ನಡೆಯಲ್ಲ.

ಮಲ್ಲಿಗೆ_ಸನಿವೇಲ್

ಇಬ್ಬರಿಗೂ ತುಂಬಾ ಥ್ಯಾಂಕ್ಸ್, ಎದೆ ಮೇಲಿನ ಭಾರ ಇಳಿದ ಹಾಗಾಯ್ತು. ಕವರ್ ಇದೆ, ಪೋಸ್ಟ್‌ಮಾರ್ಕ್ ಚೆನ್ನಾಗಿ ಕಾಣುತ್ತೆ! ಇವತ್ತೇ ಲೆಟರ್ ಬರೀತೀನಿ. ಫೈಲ್ ಮಾಡಿದ್ಮೇಲೆ ಅವರಿಗೆ ಹೇಗೆ ತಿಳಿಸೋದು, ಕೋರ್ಟೇ ಕಳಿಸುತ್ತಾ? ಅಲ್ಲಿ ಹೋದ ದಿನ ಏನಾಗುತ್ತೆ? ನನಗೆ ಇಂಗ್ಲಿಷ್ ಬರುತ್ತೆ, ಆದ್ರೆ ಜಡ್ಜ್ ಮುಂದೆ ನಿಂತು ಮಾತಾಡೋದು ಅಂದ್ರೆ ನಾಲಿಗೆ ತಡವರಿಸುತ್ತೆ. ಗೆದ್ದ ಮೇಲೂ ಕೊಡದೇ ಇದ್ರೆ?

ತುಂಗಾತೀರ

ನೋಟಿಸ್ ಮುಟ್ಟಿಸೋ ಜವಾಬ್ದಾರಿ ನಿಮ್ಮದೇ, ಮತ್ತೆ ನೀವೇ ಕೈಯಾರೆ ಕೊಡೋ ಹಾಗಿಲ್ಲ. ಕೇಸಲ್ಲಿ ಇಲ್ಲದ, 18 ತುಂಬಿದ ಯಾರಾದ್ರೂ ಕೊಡಬೇಕು, ಸ್ನೇಹಿತರಾದ್ರೂ ಸರಿ, ದುಡ್ಡು ಕೊಟ್ಟು ಶೆರಿಫ್ ಕೈಲೋ ಪ್ರೊಸೆಸ್ ಸರ್ವರ್ (ಕೋರ್ಟ್ ಕಾಗದ ಮುಟ್ಟಿಸೋ ಕೆಲಸದವರು) ಕೈಲೋ ಕೊಡಿಸಿದ್ರೂ ಸರಿ. ಓನರ್ ಅದೇ ಕೌಂಟಿಲಿದ್ರೆ ವಿಚಾರಣೆಗೆ ಕನಿಷ್ಠ 15 ದಿನ ಮುಂಚೆ, ಬೇರೆ ಕೌಂಟಿ ಆದ್ರೆ 20 ದಿನ ಮುಂಚೆ ಖುದ್ದಾಗಿ ಕೈಗೆ ಸೇರಬೇಕು. ಕೊಟ್ಟೋರು ಎಸ್‌ಸಿ-104 ಫಾರಂಗೆ ಸೈನ್ ಹಾಕ್ತಾರೆ, ಅದನ್ನ ಕೋರ್ಟಿಗೆ ಸಲ್ಲಿಸಬೇಕು. ಕೋರ್ಟ್ ಕ್ಲರ್ಕ್ ಮೂಲಕ ಸರ್ಟಿಫೈಡ್ ಮೇಲ್ ಕಳಿಸೋ ದಾರಿನೂ ಇದೆ, ಆದ್ರೆ ಓನರೇ ಸೈನ್ ಮಾಡಿ ತಗೋಬೇಕು, ಮನೆಯವರು ಸೈನ್ ಮಾಡಿದ್ರೆ ನಿಲ್ಲಲ್ಲ. ತುಂಬಾ ಕೇಸು ಮುಂದಕ್ಕೆ ಹೋಗೋದು ಇಲ್ಲೇ, ವಾದದಲ್ಲಿ ಅಲ್ಲ. ಹೆಸರನ್ನೂ ಲೀಸಲ್ಲಿ ಇರೋ ಹಾಗೇ ಪೂರ್ತಿ ಬರೀರಿ.

ಆ ದಿನದ ಬಗ್ಗೆ. ಸಿನಿಮಾ ಕೋರ್ಟ್ ಅಲ್ಲ, ಜ್ಯೂರಿ ಇರಲ್ಲ. ಬೇರೆ ಬೇರೆ ಕೇಸಿನವರು ಒಂದೇ ಹಾಲಲ್ಲಿ ಕಾಯ್ತಾ ಕೂತಿರ್ತಾರೆ, ಕಾರಿಗೆ ಗುದ್ದಿದ್ದು, ಕಾಂಟ್ರಾಕ್ಟರ್ ಅರ್ಧಕ್ಕೆ ಕೆಲಸ ಬಿಟ್ಟಿದ್ದು, ಸಾಲ ಕೊಟ್ಟ ಫ್ರೆಂಡು, ಎಲ್ಲಾ ಇರುತ್ತೆ. ಶುರುವಿಗೆ ಎಲ್ಲರಿಗೂ ಪ್ರಮಾಣ ಮಾಡಿಸ್ತಾರೆ, ನಿಮ್ಮ ಕಾಗದಗಳನ್ನ ಎದುರು ಪಾರ್ಟಿಗೆ ತೋರಿಸಿ ಅಂತಾರೆ, ಕೆಲವು ಕಡೆ ಹೊರಗೆ ಹೋಗಿ ಮೀಡಿಯೇಟರ್ ಜೊತೆ ಒಂದ್ಸಲ ಮಾತಾಡ್ಕೊಂಡು ಬನ್ನಿ ಅಂತಾನೂ ಕೇಳ್ತಾರೆ. ಜಡ್ಜ್ ಬದಲು ಟೆಂಪರರಿ ಜಡ್ಜ್, ಅಂದ್ರೆ ಅನುಭವ ಇರೋ ಲಾಯರ್ ಒಬ್ರು ಕೂತಿರಬಹುದು, ಒಪ್ಪೋದೂ ಬಿಡೋದೂ ನಿಮ್ಮಿಷ್ಟ, ಬೇಡ ಅಂದ್ರೆ ಬೇರೆ ದಿನ ಕೊಡ್ತಾರೆ. ನಿಮಗೆ ಸಿಗೋದು ಕೆಲವೇ ನಿಮಿಷ. ಅದಕ್ಕೇ ಎಲ್ಲಾ ಕಾಗದಾನೂ ಮೂರು ಸೆಟ್ ಮಾಡಿ, ಜಡ್ಜಿಗೆ ಒಂದು, ಓನರಿಗೆ ಒಂದು, ನಿಮಗೆ ಒಂದು. ಮೇಲುಗಡೆ ಲೀಸ್, ಆಮೇಲೆ ಮನೆ ಬಿಡ್ತೀವಿ ಅಂತ ಕೊಟ್ಟ ನೋಟಿಸ್, ಕೀ ಕೊಟ್ಟ ದಿನದ ಮೆಸೇಜ್, ಲೆಟರ್ ಮತ್ತೆ ಕವರಿನ ಫೋಟೋ, ಡಿಮ್ಯಾಂಡ್ ಲೆಟರ್, ಕೊನೆಗೆ ಮನೆ ಫೋಟೋಗಳು, ಪ್ರಿಂಟ್ ಹಾಕಿಸಿ, ಫೋನಲ್ಲಿ ತೋರಿಸ್ತೀನಿ ಅಂದ್ಕೋಬೇಡಿ. ಮೊದಲ ವಾಕ್ಯನೇ "ನಾವು ಮನೆ ಬಿಟ್ಟಿದ್ದು ಇಂಥಾ ದಿನ, ಇವರ ಲೆಟರ್ ಪೋಸ್ಟ್ ಆಗಿದ್ದು ಇಂಥಾ ದಿನ, ರಸೀದಿ ಇಲ್ಲ" ಅಂತಿರ್ಲಿ. ಜಡ್ಜೇ ಪ್ರಶ್ನೆ ಕೇಳ್ತಾ ಹೋಗ್ತಾರೆ, ಕೇಳಿದ್ದಕ್ಕೆ ಉತ್ತರ ಹೇಳಿ. ಓನರ್ ಸುಳ್ಳು ಹೇಳಿದ್ರೂ ನಡುವೆ ಬಾಯಿ ಹಾಕ್ಬೇಡಿ. ಇಂಗ್ಲಿಷ್ ಕಷ್ಟ ಅನ್ನಿಸಿದ್ರೆ ಐಎನ್‌ಟಿ-300 ಫಾರಂ ಹಾಕಿ ಮುಂಚಿತವಾಗಿ ಇಂಟರ್‌ಪ್ರಿಟರ್ ಕೇಳಬಹುದು, ಕೋರ್ಟ್ ಫ್ರೀಯಾಗಿ ಒದಗಿಸುತ್ತೆ. ಕನ್ನಡ ಅಂತಾನೇ ಬರೀರಿ, ನಮ್ಮವರು ಕೇಳ್ತಾ ಇದ್ರೆ ತಾನೇ ಅವರಿಗೂ ಬೇಡಿಕೆ ಇದೆ ಅಂತ ಗೊತ್ತಾಗೋದು. ತೀರ್ಪು ಅಲ್ಲೇ ಹೇಳಬಹುದು, ಬಹಳ ಸಲ ಆಮೇಲೆ ಪೋಸ್ಟಲ್ಲಿ ಬರುತ್ತೆ.

ಒಂದು ಮುಖ್ಯ ವಿಷಯ, ಕೇಸ್ ಹಾಕಿದವರು ಸೋತ್ರೆ ಅಪೀಲಿಲ್ಲ. ಅಷ್ಟಕ್ಕೇ ಮುಗೀತು. ಓನರ್ ಸೋತ್ರೆ 30 ದಿನದಲ್ಲಿ ಅಪೀಲ್ ಹೋಗಬಹುದು, ಆಗ ಬೇರೆ ಜಡ್ಜ್ ಮುಂದೆ ಮೊದಲಿಂದ ವಿಚಾರಣೆ, ಅಲ್ಲಿ ಲಾಯರಿಗೆ ಅವಕಾಶ ಇದೆ.

ಗೆದ್ದ ಮೇಲೆ ಕೋರ್ಟ್ ದುಡ್ಡು ವಸೂಲಿ ಮಾಡಿ ಕೊಡಲ್ಲ, ಇದನ್ನ ಯಾರೂ ಮೊದಲೇ ಹೇಳಲ್ಲ. ಕೈಗೆ ಸಿಗೋದು ಒಂದು ಜಡ್ಜ್‌ಮೆಂಟ್ ಕಾಗದ. ಅದಕ್ಕೆ ಹತ್ತು ವರ್ಷ ಆಯುಷ್ಯ, ಸಾಮಾನ್ಯವಾಗಿ ವರ್ಷಕ್ಕೆ 10 ಪರ್ಸೆಂಟ್ ಬಡ್ಡಿ ಬೆಳೀತಾ ಹೋಗುತ್ತೆ. ಕೊಡಲಿಲ್ಲ ಅಂದ್ರೆ ತನ್ನ ಆಸ್ತಿ, ಬ್ಯಾಂಕು ಎಲ್ಲಿದೆ ಅಂತ ಎಸ್‌ಸಿ-133 ಫಾರಂ ತುಂಬಿಕೊಡೋದು ಅವರ ಕರ್ತವ್ಯ. ಅದೂ ಇಲ್ಲ ಅಂದ್ರೆ ರಿಟ್ ಆಫ್ ಎಕ್ಸಿಕ್ಯೂಷನ್ (ವಸೂಲಿಗೆ ಕೋರ್ಟ್ ಕೊಡೋ ಆದೇಶ) ತಗೊಂಡು ಶೆರಿಫ್ ಮೂಲಕ ಬ್ಯಾಂಕ್ ಅಕೌಂಟಿಂದ ಎತ್ತಿಸಬಹುದು. ನೀವು ಬಾಡಿಗೆ ಚೆಕ್ಕಲ್ಲಿ ಕೊಡ್ತಿದ್ರಾ? ಹಾಗಿದ್ರೆ ನಿಮ್ಮ ಬ್ಯಾಂಕ್ ವೆಬ್‌ಸೈಟಲ್ಲಿ ಆ ಚೆಕ್ಕಿನ ಹಿಂಬದಿ ಇಮೇಜ್ ತೆಗ್ದು ನೋಡಿ, ಯಾವ ಬ್ಯಾಂಕಲ್ಲಿ ಹಾಕಿದ್ದಾರೆ ಅಂತ ಅಲ್ಲೇ ಸಿಗುತ್ತೆ. ಇನ್ನೊಂದು ದಾರಿ ನಿಮ್ಮ ಕೇಸಿಗೆ ಹೇಳಿ ಮಾಡಿಸಿದ ಹಾಗಿದೆ: ಆಬ್‌ಸ್ಟ್ರಾಕ್ಟ್ ಆಫ್ ಜಡ್ಜ್‌ಮೆಂಟ್ (ತೀರ್ಪಿನ ಸಾರಾಂಶದ ಕಾಗದ) ಮಾಡಿಸಿ ಕೌಂಟಿ ರೆಕಾರ್ಡರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸಿದ್ರೆ ಆ ಕೌಂಟಿಲಿ ಅವರ ಹೆಸರಲ್ಲಿರೋ ಮನೆ ಮೇಲೆ ಲೀನ್, ಅಂದ್ರೆ ನಿಮ್ಮ ಬಾಕಿಯ ಹಕ್ಕು, ಕೂರುತ್ತೆ. ಮಾರೋಕೆ ಹೋದ್ರೂ, ರೀಫೈನಾನ್ಸ್ ಮಾಡೋಕೆ ಹೋದ್ರೂ ನಿಮ್ಮ ಬಾಕಿ ಎದುರು ಬಂದು ನಿಲ್ಲುತ್ತೆ.

ಬಸವನಗುಡಿ_ಬಾಡಿಗೆದಾರ

ಓದಿ ಹೊಟ್ಟೆ ಉರೀತು. ಅಲ್ಲಿ ಒಂದು ತಿಂಗಳ ಡೆಪಾಸಿಟ್ಟಿಗೆ ಇಷ್ಟೆಲ್ಲ ರಕ್ಷಣೆ, ಇಲ್ಲಿ ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಿಡೋವಾಗ ಓನರ್ ಮುಖ ನೋಡ್ತಾ ನಿಲ್ಲಬೇಕು. ನಮ್ಮಲ್ಲೂ ಸ್ಮಾಲ್ ಕಾಸಸ್ ಕೋರ್ಟ್ ಅಂತ ಬೋರ್ಡ್ ನೋಡಿದ್ದೀನಿ, ಅದು ಇದೇನಾ?

ಹಳೇಕೋರ್ಟ್_ರಸ್ತೆ

ಹೆಸರು ಹತ್ತಿರ, ಕೆಲಸ ಬೇರೆ. ಬೆಂಗಳೂರಿನ ಲಘು ವ್ಯವಹಾರಗಳ ನ್ಯಾಯಾಲಯ 1964ರ ಕರ್ನಾಟಕ ಕಾಯ್ದೆ ಕೆಳಗೆ ನಡೆಯೋದು. ಸಣ್ಣ ಮೊತ್ತದ ಹಣದ ದಾವೆಗಳು ಅಲ್ಲಿಗೆ ಹೋಗ್ತವೆ, ಆದ್ರೆ ಕಾರಿಡಾರಲ್ಲಿ ನಿಂತು ನೋಡಿದ್ರೆ ಜನ ಸೇರಿರೋದು ಬಹುಪಾಲು ಮೋಟಾರು ಅಪಘಾತ ಪರಿಹಾರದ ಕೇಸುಗಳಿಗೆ, ಆ ಟ್ರಿಬ್ಯೂನಲ್ ಕೆಲಸನೂ ಅದೇ ಕೋರ್ಟಿನ ಮೇಲಿದೆ. ಲಾಯರ್ ಇಡಬಾರದು ಅನ್ನೋ ನಿಯಮ ಇಲ್ಲ, ಹಾಗಾಗಿ ಎದುರು ಪಾರ್ಟಿ ಲಾಯರ್ ಇಟ್ರೆ ನೀವೂ ಇಡೋ ಹಾಗೆ ಆಗುತ್ತೆ, ವಾಯಿದೆ ಮೇಲೆ ವಾಯಿದೆ.

ಅಡ್ವಾನ್ಸಿನ ವಿಷಯಕ್ಕೆ ನಾನು ಎಲ್ಲರಿಗೂ ಹೇಳೋದು, ಮೊದಲು ಲೀಗಲ್ ನೋಟಿಸ್, ಅದಕ್ಕೆ ಬಗ್ಗದಿದ್ರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಒಂದು ಅರ್ಜಿ, ಕೇಸ್ ಹಾಕೋ ಮುಂಚೆನೇ ರಾಜಿಗೆ ಕರೆಸಿ ಅಂತ. ಕೋರ್ಟ್ ಫೀಸಿಲ್ಲ. ಓನರ್ ಬಂದು ಲೋಕ ಅದಾಲತ್ತಲ್ಲಿ ಒಪ್ಪಂದ ಆದ್ರೆ ಅದಕ್ಕೆ ಕೋರ್ಟ್ ಡಿಕ್ರಿಯಷ್ಟೇ ಬಲ, ಮೇಲೆ ಅಪೀಲಿಲ್ಲ. ಕೊರತೆ ಏನಂದ್ರೆ ಇಬ್ಬರೂ ಒಪ್ಪಬೇಕು, ಒಬ್ಬರು ಹಠ ಹಿಡಿದ್ರೆ ಮತ್ತೆ ಸಿವಿಲ್ ದಾವೆನೇ. ದಾವೆ ಹಾಕೋಕೆ ದುಡ್ಡು ಕೊಡಬೇಕಾಗಿದ್ದ ದಿನದಿಂದ ಮೂರು ವರ್ಷ ಟೈಮ್, ಸುಮ್ನೆ ಕಾಯ್ತಾ ಕೂತು ಅದನ್ನ ಕಳ್ಕೋಬೇಡಿ. ಅಂಗಡಿ, ಆನ್‌ಲೈನ್ ಖರೀದಿ, ಇನ್ಶೂರೆನ್ಸ್ ಥರದ ಜಗಳ ಆದ್ರೆ ನಮ್ಮಲ್ಲೂ ದಾರಿ ಸಲೀಸು, ಗ್ರಾಹಕರ ಆಯೋಗದಲ್ಲಿ 5 ಲಕ್ಷದ ತನಕ ಫೀಸೇ ಇಲ್ಲ, ಲಾಯರ್ ಇಲ್ಲದೆ ನೀವೇ ವಾದಿಸಬಹುದು, ಆನ್‌ಲೈನಲ್ಲೇ ದೂರು ಹಾಕಬಹುದು. ಮನೆ ಅಡ್ವಾನ್ಸಿಗೂ ಅಂಥದ್ದೇ ಒಂದು ಬಾಗಿಲು ಬೇಕು ಅಂತ ನಾವೆಲ್ಲ ಕೇಳಬೇಕಾದ ಕಾಲ ಇದು. ಒಂದೊಂದು ಮನೆಯವರ ವರ್ಷಗಟ್ಟಲೆ ಉಳಿತಾಯ ಅದರಲ್ಲಿ ಸಿಕ್ಕಿಹಾಕ್ಕೊಂಡಿದೆ.

ಮಲ್ಲಿಗೆ_ಸನಿವೇಲ್

ಡಿಮ್ಯಾಂಡ್ ಲೆಟರ್ ಕಳಿಸಿದೆ, ಎರಡು ವಾರ ಟೈಮ್ ಕೊಟ್ಟಿದ್ದೀನಿ. ಕಾರ್ಪೆಟ್ ಬಗ್ಗೆ ಹಳೇ ಮೆಸೇಜೂ ಸಿಕ್ತು, ಬಂದ ಹೊಸದರಲ್ಲಿ ನಾನೇ ಕಾರ್ಪೆಟ್ ಶಾಂಪೂ ಮಾಡಿಸ್ಕೊಡ್ತೀರಾ ಅಂತ ಕೇಳಿದ್ದಕ್ಕೆ, ತುಂಬಾ ಹಳೇದು, ಮಾಡಿಸಿದ್ರೂ ಪ್ರಯೋಜನ ಇಲ್ಲ ಅಂತ ಅವರೇ ಬರೆದಿದ್ದಾರೆ. ಕೊನೇ ಪ್ರಶ್ನೆ, ಲೀಸಲ್ಲಿ ನಮ್ಮಿಬ್ಬರ ಹೆಸರೂ ಇದೆ, ನಮ್ಮೆಜಮಾನ್ರು ಆ ಟೈಮಲ್ಲಿ ಊರಿಗೆ ಹೋಗೋದಿದೆ, ನಾನೊಬ್ಳೇ ಹೋದ್ರೆ ಸಾಕಾ?

ತುಂಗಾತೀರ

ಆ ಮೆಸೇಜ್ ಚಿನ್ನ! ಡೇಟು, ನಂಬರ್ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗ್ದು ಪ್ರಿಂಟ್ ಹಾಕಿ.

ಫೈಲ್ ಮಾಡೋವಾಗ ಇಬ್ಬರ ಹೆಸರೂ ಹಾಕಿ, ಇಬ್ಬರೂ ಸೈನ್ ಮಾಡಿ. ಗಂಡ ಹೆಂಡತಿ ಒಟ್ಟಿಗೆ ಹಾಕಿದ ಕೇಸಲ್ಲಿ ಒಬ್ಬರ ಪರವಾಗಿ ಇನ್ನೊಬ್ಬರು ಹಾಜರಾಗೋಕೆ ಕಾನೂನಲ್ಲಿ ಅವಕಾಶ ಇದೆ, ಅವರ ಒಪ್ಪಿಗೆ ಇರಬೇಕು, ಜಡ್ಜಿಗೂ ಸರಿ ಅನ್ನಿಸಬೇಕು. ಒಪ್ಪಿಗೆನ ಒಂದು ಹಾಳೇಲಿ ಬರೆಸಿ ಸೈನ್ ಹಾಕಿಸಿ ಜೊತೇಲಿಟ್ಕೊಳ್ಳಿ. ಎಷ್ಟೋ ಕೋರ್ಟಲ್ಲಿ ವಿಡಿಯೋದಲ್ಲಿ ಹಾಜರಾಗೋಕೂ ಬಿಡ್ತಾರೆ, ಡೇಟ್ ಬಂದ ತಕ್ಷಣ ಕ್ಲರ್ಕ್ ಹತ್ರ ಅದನ್ನ ಕೇಳಿಬಿಡಿ. ಓನರ್ ದುಡ್ಡು ಕೊಡ್ತೀನಿ ಅಂತ ಫೋನ್ ಮಾಡಿದ್ರೂ, ಅಕೌಂಟಿಗೆ ಬೀಳೋ ತನಕ ಕೇಸ್ ವಾಪಸ್ ತಗೋಬೇಡಿ.